ಇಳಿಯುವ ಪಾಠ

ಮನೆ, ಹಿಂದಿನ ಕೋಣೆ
ನವೆಂಬರ್ ೧೬, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಹಡಗಿನಲ್ಲಿ ಹೊಟ್ಟೆ ತೊಳಸುವುದು ನಿಂತಿತೇ? ನಿಮ್ಮ ಬ್ಯಾಂಡಿನವರು ಹೊತ್ತಿಗೆ ಸರಿಯಾಗಿ ಊಟಕ್ಕೆ ಬಿಡುತ್ತಾರೆಯೇ? ಅಮ್ಮ ಚೆನ್ನಾಗಿದ್ದಾಳೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿಯ ಕೆಲಸ ತಪ್ಪಿ ಈಗ ಬಟ್ಟೆ ಮಡಿಸುವ ಕೆಲಸ ಸಿಕ್ಕಿದೆ, ಕೂತು ಮಾಡಬಹುದು. ನಾನೂ ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಆದರೆ ಅದು ಸುಳ್ಳಾಗುತ್ತದೆ. ನೀನು ಹೋದ ಮೇಲೆ ಈ ಕೋಣೆ ದೊಡ್ಡದಾಗಿಬಿಟ್ಟಿದೆ. ನಿನ್ನ ಮಂಚದ ಮೇಲೆ ನಿನ್ನ ಹಳೆಯ ಗಿಟಾರನ್ನು ಮಲಗಿಸುತ್ತೇನೆ. ಖಾಲಿ ಮಂಚ ನೋಡುವುದಕ್ಕಿಂತ ಅದೇ ವಾಸಿ.

ನೀನು ಹೊರಡುವ ದಿನ ಹೇಳಿಕೊಟ್ಟ ಡಿಮಿನಿಷ್ಡ್ ಸ್ಕೇಲನ್ನೇ, ಆ ಸ್ವರಗಳ ಏಣಿಯನ್ನೇ, ಹಿಡಿದು ಕೂತಿದ್ದೇನೆ. ಒಂದು ಹೆಜ್ಜೆ ಗಿಡ್ಡ, ಮುಂದಿನದು ಉದ್ದ, ಮತ್ತೆ ಗಿಡ್ಡ. ಬೆರಳುಗಳ ಆಕಾರ ಬದಲಿಸದೆ ಗಿಟಾರಿನ ಕತ್ತಿನಲ್ಲಿ ಮೂರು ಫ್ರೆಟ್ ಪಟ್ಟಿ ಮೇಲಕ್ಕೆ ಜರುಗಿಸಿದರೆ ಮತ್ತೆ ಅವೇ ಸ್ವರಗಳು. ಎಷ್ಟು ಹತ್ತಿದರೂ ಎಲ್ಲಿಗೂ ತಲುಪಿದಂತೆ ಅನಿಸುವುದಿಲ್ಲ. "ಇದರಿಂದ ಇಳಿಯೋದು ಆಮೇಲೆ ಹೇಳ್ಕೊಡ್ತೀನಿ ಬಿಡೋ" ಎಂದು ನೀನು ಪೆಟ್ಟಿಗೆಗೆ ಬಟ್ಟೆ ತುಂಬತೊಡಗಿದೆ. ಅಮ್ಮನಿಗಂತೂ ತಲೆಚಿಟ್ಟು ಹಿಡಿದಿದೆ. "ನಿನ್ನ ಗಿಟಾರು ಬರೀ ಮೆಟ್ಟಿಲು ಹತ್ತುತ್ತೆ, ಯಾವ ಬಾಗಿಲೂ ತಟ್ಟಲ್ಲ" ಅನ್ನುತ್ತಾಳೆ. ನಾನು ಶಾಲೆ ಬಿಟ್ಟಾಗಲೂ ಅವಳು ಇಷ್ಟು ಬೈದಿರಲಿಲ್ಲ.

ನಿನ್ನೆ ನೀನು ನುಡಿಸುತ್ತಿದ್ದ ಹೋಟೆಲಿನ ಬ್ಯಾಂಡಿನಲ್ಲಿ ನನ್ನನ್ನು ನಿನ್ನ ಕುರ್ಚಿಯಲ್ಲಿ ಕೂರಿಸಿದರು. ನಿನ್ನನ್ನು ಸಣಕಲ ಎಂದು ಕರೆಯುತ್ತಿದ್ದ ಬೇಸ್ ಗಿಟಾರಿನ ತಾತನೇ ಕರೆದದ್ದು. ಹಾಡು ತಾನು ಶುರುವಾದ ಸ್ವರಕ್ಕೆ ಮರಳುವ ಮುಂಚೆ ಬಿಗಿಯುವ ಆ ಜಾಗದಲ್ಲಿ ನಿನ್ನ ಸ್ಕೇಲು ಹಿಡಿದು ಹತ್ತತೊಡಗಿದೆ. ಮೂರು ಫ್ರೆಟ್, ಇನ್ನೂ ಮೂರು, ಕೈ ಗಿಟಾರಿನ ಹೊಟ್ಟೆಗೆ ತಾಗುವ ತನಕ. ಇಳಿಯುವುದು ಗೊತ್ತಿಲ್ಲವಲ್ಲ. ತಾತ ಅದೇ ಒಂದು ಸ್ವರವನ್ನು ಮೀಟುತ್ತಾ ನನಗಾಗಿ ಕಾದರು. ಕೊನೆಗೆ, "ಹತ್ತಿದ್ದು ಸಾಕು ಕಣೋ, ಇಳಿ. ನನ್ನ ಬೆರಳಿಗೆ ಬೊಬ್ಬೆ ಬರ್ತಿದೆ" ಎಂದರು. ಡ್ರಮ್ಮಿನವನು ನಕ್ಕುಬಿಟ್ಟ. ಗಾಬರಿಯಲ್ಲಿ ನನ್ನ ಬೆರಳು ಒಂದೇ ಒಂದು ಫ್ರೆಟ್ ಕೆಳಗೆ ಜಾರಿತು. ಇಳಿಯುವ ಜಾಗ ಅಲ್ಲೇ ಇತ್ತು ಅಣ್ಣಾ, ಪಕ್ಕದಲ್ಲೇ. ಇಡೀ ಹಾಡು ಉಸಿರು ಬಿಟ್ಟ ಹಾಗಾಯಿತು. ಊಟಕ್ಕೆ ಕೂತವರಲ್ಲಿ ಯಾರೂ ತಲೆ ಎತ್ತಲಿಲ್ಲ. ಅದನ್ನು ಹೇಳಿಕೊಳ್ಳಲು ನನಗೆ ಬೇಕಿದ್ದವನು ನೀನೊಬ್ಬನೇ.

"ಕುರ್ಚಿ ಇನ್ನು ನಿಂದೇ, ಸಣಕಲ ಬರಲ್ಲ ಬಿಡು" ಎಂದರು ತಾತ. ಅಣ್ಣನನ್ನು ಕೇಳಿ ಹೇಳುತ್ತೇನೆ ಎಂದೆ. ನನಗೆ ಆ ಕುರ್ಚಿ ಬೇಕು, ಅದನ್ನು ಮುಚ್ಚಿಡುವುದಿಲ್ಲ. ಆದರೂ ನೀನು ಬರುತ್ತೀಯ ಎಂದರೆ ಎದ್ದುಬಿಡುತ್ತೇನೆ. ಯಾವುದಕ್ಕೂ ಒಂದು ಸಾಲು ಬರೆ. ನಿನ್ನ ಕಾಗದ ಬಂತೇ ಎಂದು ಅಮ್ಮ ಟಪಾಲಿನವನನ್ನು ಕೇಳುವುದನ್ನೂ ಬಿಟ್ಟಿದ್ದಾಳೆ.

ಅಮ್ಮನ ಆಶೀರ್ವಾದ ಈ ಕಾಗದದೊಳಗೇ ಇದೆ. ಮೈ ಕಡೆ ನೋಡಿಕೋ.

ನಿನ್ನ ತಮ್ಮ

ಮರೆತಿದ್ದೆ: ಇಳಿಯುವುದು ಈಗ ನನಗೆ ಬರುತ್ತದೆ. ಅದನ್ನು ಹೇಳಿಕೊಡಲು ನೀನು ಬರಬೇಕಾಗಿಲ್ಲ. ಕುರ್ಚಿಗಾಗಿಯೂ ಬೇಡ. ಸುಮ್ಮನೆ ಬಾ. ಗಿಟಾರನ್ನು ನೆಲದ ಮೇಲೆ ಮಲಗಿಸುತ್ತೇನೆ.