ನೀರು ಹಾಕದ ಮೈದಾನ

ಸೆಪ್ಟೆಂಬರ್ 8, ಸಂಜೆ

ಗೋಲಿಯ ತೊಡೆಯ ಗಾಯ ಕೀವು ಕಟ್ಟಿದೆ. ನೋಡಿ ಹೇಳಿದ್ದು ನಮ್ಮ ಫುಟ್‌ಬಾಲ್ ಕ್ಲಬ್‌ನ ಡಾಕ್ಟರ್. ಈ ಶನಿವಾರ ಅವನ ಗೋಲ್‌ಕೀಪರ್ ಜಾಗಕ್ಕೆ ಬೇರೆಯವನು.

ಸ್ಟೇಡಿಯಂನಲ್ಲಿ ಹುಲ್ಲು ತೆಗೆದು ಪ್ಲಾಸ್ಟಿಕ್ ಟರ್ಫ್ ಹಾಸಿದ ಮೇಲೆ ಇಂಥ ಗಾಯ ತಪ್ಪಿದ ವಾರವಿಲ್ಲ. ಜಾರಿ ಬಿದ್ದರೆ ಚರ್ಮ ಸುಲಿಯುತ್ತದೆ. ಸುಲಿದ ಜಾಗದಲ್ಲಿ ಕಪ್ಪು ರಬ್ಬರ್ ಕಾಳು ಕೂತಿರುತ್ತದೆ. ಇಕ್ಕಳದಲ್ಲಿ ಒಂದೊಂದೇ ತೆಗೆದೆ.

"ಕ್ಯಾರೆಟ್ ತುರಿದ ಹಾಗೆ ತುರಿದಿದೆ ನೋಡಿ ಮೇಡಂ. ಅರ್ಧ ತೊಡೆ ಅಲ್ಲೇ ಉಳೀತು."

"ಅಲ್ಲಾಡಬೇಡ."

"ಅಲ್ಲಾಡ್ತಿಲ್ಲ, ನಡುಗ್ತಿದೀನಿ. ಎರಡೂ ಬೇರೆ."

ಪಕ್ಕದ ಮಂಚದ ಮೇಲೆ ನನ್ನ ತಮ್ಮ, ತಂಡದ ಕ್ಯಾಪ್ಟನ್, ಕೂತು ನಗುತ್ತಿದ್ದ. ಪಾದಕ್ಕೆ ಟೇಪ್ ಸುತ್ತಿಸಿಕೊಳ್ಳಲು ಬಂದವನು. ಈ ಕೋಣೆಯ ಫಿಸಿಯೊ ನಾನು, ಅವನು ತಂಡಕ್ಕೆ ಬರುವ ಎಷ್ಟೋ ಮೊದಲಿನಿಂದ. ಆದರೆ ಕ್ಲಬ್ ಕಾರ್ಯದರ್ಶಿಯ ಬಾಯಲ್ಲಿ ಇವತ್ತಿಗೂ ನಾನು "ಕ್ಯಾಪ್ಟನ್ ಅಕ್ಕ".

ಸೆಪ್ಟೆಂಬರ್ 14

ಮೈದಾನ ನೋಡಿಕೊಳ್ಳುವ ಹುಲ್ಲಣ್ಣನಿಗೆ ಹೊಸ ಹೆಸರು ಬಿದ್ದಿದೆ. ಕಾರ್ಪೆಟ್ ಅಣ್ಣ. ಇಟ್ಟದ್ದು ಗೋಲಿ ಎಂದು ಅನುಮಾನ, ದೃಢಪಟ್ಟಿಲ್ಲ.

ಹುಲ್ಲು ಇದ್ದಾಗ ಮೈದಾನ ಹುಲ್ಲಣ್ಣನದು. ಕಾರ್ಯದರ್ಶಿಯ ಹೆಂಡತಿ ಹೀಲ್ಸ್ ಹಾಕಿಕೊಂಡು ಬಂದರೆಂದು ಗೆರೆಯಾಚೆ ನಿಲ್ಲಿಸಿದ್ದ. ಈಗ ಮೆಷಿನ್ ಮೇಲೆ ಕೂತು ಪ್ಲಾಸ್ಟಿಕ್ ಎಳೆ ಬಾಚುತ್ತಾನೆ. ರಬ್ಬರ್ ಕಾಳು ಗುಡಿಸುತ್ತಾನೆ. ಪಂದ್ಯಕ್ಕೆ ಮುಂಚೆ ಪೈಪ್ ಎಳೆದು ಇಡೀ ಮೈದಾನಕ್ಕೆ ನೀರು ಹಾಕುತ್ತಾನೆ. ಲೀಗ್ ನಿಯಮ: ಟರ್ಫ್ ಒದ್ದೆ ಇರಲೇಬೇಕು. ಒಣಗಿದ್ದರೆ ಬಿಸಿಲಿಗೆ ಕಾಯುತ್ತದೆ, ಚರ್ಮ ಉಜ್ಜುತ್ತದೆ.

"ಕುಡಿಯಲ್ಲ, ಬೆಳೆಯಲ್ಲ. ಆದ್ರೂ ನೀರು ಹಾಕು ಅಂತಾರೆ. ಹೆಣಕ್ಕೆ ಸ್ನಾನ ಮಾಡಿಸಿದ ಹಾಗೆ," ಎಂದ.

ಕ್ಲಬ್‌ನ ವಾದವೂ ಸುಳ್ಳಲ್ಲ. ಹುಲ್ಲಿನ ಮೇಲೆ ಹೆಚ್ಚೆಂದರೆ ವಾರಕ್ಕೊಂದು ಪಂದ್ಯ. ಮಳೆಗಾಲದಲ್ಲಿ ಗೋಲಿನ ಮುಂದೆ ಬರೀ ಕೆಸರು. ಟರ್ಫ್ ಮೇಲೆ ದಿನಾ ಆಡಬಹುದು, ಸಂಗೀತ ಕಾರ್ಯಕ್ರಮವೂ ನಡೆಸಬಹುದು. ಎರಡು ಈಗಾಗಲೇ ಆದವು.

ಸೆಪ್ಟೆಂಬರ್ 21, ಮಧ್ಯಾಹ್ನ

ಇಂದು ಮೈದಾನಕ್ಕೆ ನೀರು ಬೀಳುವುದಿಲ್ಲ. ತೀರ್ಮಾನ ಕಾರಿಡಾರ್‌ನಲ್ಲಿ ಆಯಿತು. ಕೋಚ್, ತಮ್ಮ, ಹುಲ್ಲಣ್ಣ. ನಾನು ಅಲ್ಲೇ ಐಸ್ ಪೆಟ್ಟಿಗೆ ತುಂಬುತ್ತಿದ್ದೆ.

ಬಂದಿರುವುದು ಚೆಂಡನ್ನು ನೆಲದಿಂದ ಏಳಿಸದೆ ಸರಸರ ದಾಟಿಸುವ ತಂಡ. ನೆಲ ಒದ್ದೆ ಇದ್ದರೆ ಅವರನ್ನು ಹಿಡಿಯಲಾಗದು. ಒಣಗಿದ್ದರೆ ಚೆಂಡು ಮುಗ್ಗರಿಸುತ್ತದೆ.

"ಹಳೇ ಔಷಧಿ ಕೊಡೋಣ ಕೋಚ್. ನೀರು ಬೇಡ," ಎಂದ ತಮ್ಮ.

"ಲೀಗ್‌ನವರು ಕೇಳಿದ್ರೆ?"

"ಅವರು ಬರೋದೇ ಆಟ ಶುರುವಾಗೋ ಹೊತ್ತಿಗೆ. ಬಿಸಿಲಿಗೆ ಆರಿಹೋಯ್ತು ಅಂದ್ರಾಯ್ತು."

ಕೋಚ್ ಹುಲ್ಲಣ್ಣನ ಕಡೆ ನೋಡಿದರು. ಅವನ ಮುಖ ಎಷ್ಟೋ ದಿನದ ಮೇಲೆ ಅರಳಿತ್ತು.

"ಹುಲ್ಲಲ್ಲಿ ಎಷ್ಟು ಸಲ ಮಾಡಿಲ್ಲ ನಾವು! ವಾರ ಪೂರ್ತಿ ಕತ್ತರಿಸ್ತಿರಲಿಲ್ಲ, ಒಂದು ಹನಿ ಬಿಡ್ತಿರಲಿಲ್ಲ. ಪಾಪ, ಬಂದೋರು ಮರಳಲ್ಲಿ ಓಡಿದ ಹಾಗೆ ಓಡೋರು."

ಎಲ್ಲರೂ ನಕ್ಕರು. ನಾನೂ.

ಚರ್ಮ ಇನ್ನಷ್ಟು ಸುಲಿದೀತು. ವ್ಯಾಸಲೀನ್ ಇನ್ನೊಂದು ಡಬ್ಬಿ ತೆಗೆದಿಟ್ಟಿದ್ದೇನೆ. ಮೊಣಕೈಗೆ, ತೊಡೆಗೆ.

ಅದೇ ದಿನ, ಸಂಜೆ

ಎಡ ಮೊಣಕಾಲು. ತಮ್ಮನದು.

ಯಾರೂ ಮುಟ್ಟಲಿಲ್ಲ. ಅಂಚಿನಲ್ಲಿ ಓಡುತ್ತಿದ್ದವನು ಒಳಕ್ಕೆ ತಿರುಗಿದ. ಮೈ ತಿರುಗಿತು. ಪಾದ ತಿರುಗಲಿಲ್ಲ. ಕಡ್ಡಿ ಮುರಿದಂಥ ಸದ್ದು ಬೆಂಚಿನವರೆಗೆ ಕೇಳಿಸಿತು.

ಹುಲ್ಲಿನಲ್ಲಿ ಬೂಟಿನ ತಳದ ಸ್ಟಡ್ ಸಿಕ್ಕಿಕೊಂಡರೆ ಹುಲ್ಲೇ ಕಿತ್ತು ಬರುತ್ತಿತ್ತು. ಒಂದು ಹಿಡಿ ಮಣ್ಣು ಹಾರುತ್ತಿತ್ತು. ಆಟಗಾರ ಬೀಳುತ್ತಿದ್ದ, ಎದ್ದು ಬೈಯುತ್ತಿದ್ದ. ಇದರಲ್ಲಿ ಏನೂ ಕಿತ್ತು ಬರುವುದಿಲ್ಲ. ಒಣಗಿದ್ದರೆ ಹಿಡಿತ ಇನ್ನೂ ಗಟ್ಟಿ. ಇದೆಲ್ಲ ನಾನು ಓದಿದ ವಿಷಯ. ಮಧ್ಯಾಹ್ನ ಕಾರಿಡಾರ್‌ನಲ್ಲಿ ತಲೆಗೆ ಬಂದದ್ದು ಬರೀ ವ್ಯಾಸಲೀನ್.

ಮಂಡಿ ಮಡಿಸಿ, ಕೆಳಗಿನ ಮೂಳೆ ಹಿಡಿದು ಎಳೆದು ನೋಡಿದೆ. ಮೇಜಿನ ಡ್ರಾಯರ್ ಹಾಗೆ ಈಚೆ ಬಂತು.

"ಹೇಳೇ," ಎಂದ.

"ಸ್ಕ್ಯಾನ್ ಆಗಲಿ."

"ನಿನ್ನ ಮುಖದಲ್ಲೇ ಇದೆ ಸ್ಕ್ಯಾನ್."

ಪಂದ್ಯ ಗೆದ್ದೆವು. ಒಂದು–ಸೊನ್ನೆ.

ಸೆಪ್ಟೆಂಬರ್ 24

ಲಿಗಮೆಂಟ್ ಪೂರ್ತಿ ಹರಿದಿದೆ, ಮೂಳೆಗಳ ನಡುವಿನ ಮೆತ್ತೆಯೂ ಸೀಳಿದೆ. ಸ್ಕ್ಯಾನ್ ಓದಿದ್ದು ಡಾಕ್ಟರ್. ಊತ ಇಳಿದ ಮೇಲೆ ಆಪರೇಷನ್. ಈ ಸೀಸನ್ ಮುಗಿಯಿತು. ಮುಂದಿನದರ ಬಗ್ಗೆ ಅವರು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಗೋಲಿ ತಮ್ಮನನ್ನು ಬೆನ್ನ ಮೇಲೆ ಹೊತ್ತು ತಂದ. ತಿರುವಿಗೊಮ್ಮೆ ನಿಂತು ಏದುಸಿರು ಬಿಡುತ್ತಾ, "ಕ್ಯಾಪ್ಟನ್ನೇ ನಮ್ಮ ತಂಡದ ತೂಕ ಅಂತ ಕೋಚ್ ಹೇಳಿದ್ದು ಇವತ್ತು ಅರ್ಥ ಆಯ್ತು" ಎಂದ. ತಮ್ಮ ನಕ್ಕ. ಆಮೇಲೆ ಗೋಲಿಯ ಭುಜಕ್ಕೆ ಮುಖ ಒತ್ತಿಕೊಂಡ. ನಾನು ಹಿಂದೆ ಇದ್ದೆ, ಕಾಣಿಸಿತು.

ಅಮ್ಮ ಬಾಗಿಲಲ್ಲೇ: "ಯಾರೂ ಮುಟ್ಟದೆ ಕಾಲು ಹೇಗೋ ಹರಿಯುತ್ತೆ?"

ಅವನು ನನ್ನ ಕಡೆ ನೋಡಲಿಲ್ಲ.

ಅಕ್ಟೋಬರ್ 2

ಲೀಗ್ ವಿಚಾರಣೆ ನಡೆಯಲಿದೆ. ತಿಳಿಸಿದ್ದು ಕಾರ್ಯದರ್ಶಿ. ನೆಲ ಒಣಗಿತ್ತೆಂದು ಎದುರು ತಂಡ ದೂರು ಕೊಟ್ಟಿದೆ. ನಿಯಮ ಸರಳ. ನೀರು ಹಾಕಲು ಮರೆತಿದ್ದರೆ, ಮರೆತವನು ಸ್ಟೇಡಿಯಂ ಕೆಲಸ ಬಿಡಬೇಕು. ಬೇಕೆಂದೇ ಹಾಕದಿದ್ದರೆ, ಬೇಡ ಎಂದವರಿಗೆ ಎರಡು ವರ್ಷ ನಿಷೇಧ. ಕೋಚ್‌ಗೂ ಆಟಗಾರನಿಗೂ ಒಂದೇ; ಹೇಳಿದಂತೆ ಮಾಡಿದ ಕೆಲಸದವನಿಗೆ ಶಿಕ್ಷೆ ಇಲ್ಲ.

ಕಾರ್ಯದರ್ಶಿ ಕುರ್ಚಿ ಎಳೆದು ಹತ್ತಿರ ಕೂತರು.

"ಮರೆತದ್ದು ಅಂತಾದ್ರೆ ಒಬ್ಬನಿಗೆ ತೊಂದರೆ. ಇಲ್ಲಾಂದ್ರೆ ಎಲ್ಲರಿಗೂ. ನೀವು ಓದಿದೋರು, ಬಿಡಿಸಿ ಹೇಳಬೇಕಾ?"

"ಆ ಒಬ್ಬ ಮರೆತಿರಲಿಲ್ಲ."

"ನಿಮ್ಮ ತಮ್ಮನ ಭವಿಷ್ಯ ಕ್ಯಾಪ್ಟನ್ ಅಕ್ಕ, ನಂದಲ್ಲ."

ಅಕ್ಟೋಬರ್ 5, ಸಂಜೆ

ಮನೆಯಲ್ಲಿ ಮಾತಾಯಿತು. ತಮ್ಮನ ಕಾಲಿಗೆ ಐಸ್ ಕಟ್ಟುತ್ತಿದ್ದೆ.

"ಏನು ಹೇಳ್ತೀಯಾ ಅಲ್ಲಿ?"

"ಆದದ್ದು."

"ಎರಡು ವರ್ಷ ಕಣೇ. ಆಮೇಲೆ ಈ ಕಾಲು ಇಟ್ಕೊಂಡು ಹೋದ್ರೆ ಯಾವ ಕ್ಲಬ್ ಬಾಗಿಲು ತೆಗೆಯುತ್ತೆ?"

"ಹುಲ್ಲಣ್ಣನಿಗೆ ಯಾರು ತೆಗೀತಾರೆ?"

"ಅವನಿಗೆ ವಯಸ್ಸಾಯ್ತು."

"ನಿನಗೂ ಆಗ್ತಿದೆ."

ಹೇಳಬಾರದಿತ್ತು. ಹೇಳಿಯಾಗಿತ್ತು. ಐಸ್ ಚೀಲ ಕಿತ್ತು ಗೋಡೆಗೆ ಎಸೆದ.

ಅಡುಗೆಮನೆಯಿಂದ ಅಮ್ಮ: "ಬಾಯಿ ಮುಚ್ಚಿ ಇಬ್ಬರೂ. ಕೆಳಗಿನ ಮನೆಯೋರಿಗೆ ಪುಕ್ಕಟೆ ನಾಟಕ!"

ಆಮೇಲೆ ನಾನು ನೆಲ ಒರೆಸುತ್ತಿದ್ದಾಗ ಹತ್ತಿರ ಬಂದು ನಿಂತಳು.

"ಸುಳ್ಳು ಹೇಳು ಅಂತಿಲ್ಲ. ಸುಮ್ಮನಿರು ಅಂತಿದೀನಿ."

"ಕೇಳಿದಾಗ ಸುಮ್ಮನಿರೋದೂ ಸುಳ್ಳೇ ಅಮ್ಮ."

"ಹಾಗಾದ್ರೆ ನಿಮ್ಮಪ್ಪನ ಜೊತೆ ಇದ್ದಷ್ಟು ಕಾಲ ನಾನು ಬರೀ ಸುಳ್ಳೇ ಹೇಳಿದೀನಿ ಬಿಡು."

ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಹಿಂಡಿದೆ.

ಅಕ್ಟೋಬರ್ 9

ಹುಲ್ಲಣ್ಣ ನೀರು ಹಾಕಲು ಮರೆತ. ಹಾಗೆಂದು ಲೀಗ್ ಅಧಿಕಾರಿಯ ತೀರ್ಮಾನ. ಮಧ್ಯಾಹ್ನ ಓದಿ ಹೇಳಿದರು.

ಮೊದಲು ಕರೆದದ್ದು ನನ್ನನ್ನು. ಕಂಡದ್ದು, ಕೇಳಿದ್ದು ಹೇಳಿದೆ. ತಮ್ಮನ ಮಾತನ್ನೂ ಹೇಳಿದೆ, ಅವನಾಡಿದ ಹಾಗೇ. ಗಾಯಕ್ಕೆ ಬೇರೆ ಕಾರಣ ಇರಬಹುದೇ ಎಂದು ಅಧಿಕಾರಿ ಕೇಳಿದರು. ಇರಬಹುದು ಎಂದೆ. ವಾರವಿಡೀ ಊರಾಚೆ ಪ್ರಾಕ್ಟೀಸ್ ಗ್ರೌಂಡಿನ ಹುಲ್ಲಲ್ಲಿ ಅಭ್ಯಾಸ, ಪಂದ್ಯದ ದಿನ ಪ್ಲಾಸ್ಟಿಕ್... ನೆಲ ಬದಲಾದರೆ ಕಾಲಿನ ಅಂದಾಜು ತಪ್ಪುತ್ತದೆ. ಅದೂ ನಿಜ. ಆದ್ದರಿಂದ ಹೇಳಿದೆ.

ಆಮೇಲೆ ಕೋಚ್. ಅಂಥ ಮಾತುಕತೆಯೇ ನಡೆದಿಲ್ಲ ಎಂದರು.

ಆಮೇಲೆ ತಮ್ಮ. ಊರುಗೋಲು ಮೇಜಿಗೆ ಒರಗಿಸಿದ. ಅಧಿಕಾರಿಯ ಮುಖವನ್ನೇ ನೋಡುತ್ತಾ ಹೇಳಿದ:

"ಅಕ್ಕ ಆಗ ಕಾರಿಡಾರ್‌ನಲ್ಲೇ ಇರಲಿಲ್ಲ ಸರ್. ಅವಳು ಐಸ್ ತುಂಬೋದು ಒಳಗಡೆ ರೂಮಲ್ಲಿ."

ಕೊನೆಗೆ ಹುಲ್ಲಣ್ಣ. ಇಸ್ತ್ರಿ ಮಾಡಿದ ಅಂಗಿ. ಅವನಾದರೂ ಹೇಳುತ್ತಾನೆ ಎಂದುಕೊಂಡೆ.

"ನಾನೇ ಮರೆತೆ ಸರ್. ವಯಸ್ಸು ನೋಡಿ."

ಅಧಿಕಾರಿ ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು. ದನಿಯಲ್ಲಿ ಕರುಣೆಯೇ ಇತ್ತು.

"ತಮ್ಮನ ಮೇಲೆ ಏನಾದ್ರೂ ಬೇಜಾರಿದೆಯಾ ಮೇಡಂ?"

ಹುಲ್ಲಣ್ಣನನ್ನು ಗೇಟಿನ ಹತ್ತಿರ ಹಿಡಿದೆ.

"ಯಾಕೆ ಹಾಗಂದೆ?"

"ಪ್ರಾಕ್ಟೀಸ್ ಗ್ರೌಂಡ್ ಕೊಡ್ತೀನಿ ಅಂದಿದಾರೆ ಕೋಚ್. ಅದು ಸ್ಟೇಡಿಯಂ ಲೆಕ್ಕಕ್ಕೆ ಬರಲ್ಲವಂತೆ."

"ನಾನು ನಿನ್ನ ಕೆಲಸ ಉಳಿಸೋಕೆ..."

"ಯಾವ ಕೆಲಸ? ನಿಮ್ಮ ಸತ್ಯ ತಗೊಂಡು ನಾನು ಆ ಪ್ಲಾಸ್ಟಿಕ್ ಬಾಚ್ಕೊಂಡು ಕೂರಲಾ? ಅಲ್ಲಿ ಹುಲ್ಲಿದೆ ಮೇಡಂ. ಬೇರು ಇರೋ ಹುಲ್ಲು."

ಅವನು ಬಸ್ಸಿಗೆ ಹೊರಟ.

ಅಕ್ಟೋಬರ್ 11

ತಮ್ಮ ಗೋಲಿಯ ಮನೆಗೆ ಹೋದ. ಅದು ನೆಲಮಹಡಿ. ಮೆಟ್ಟಿಲು ಕಷ್ಟ ಎಂಬುದು ಅಮ್ಮ ನೆರೆಯವರಿಗೆ ಕೊಟ್ಟ ಕಾರಣ. ಬಟ್ಟೆ ತುಂಬಿಕೊಟ್ಟವಳೂ ಅವಳೇ.

ಕ್ಯಾಪ್ಟನ್‌ನ ಚಿಕಿತ್ಸೆ ಇನ್ನು ಹೊರಗಿನ ಫಿಸಿಯೊಗೆ. ತಿಳಿಸಿದ್ದು ಕೋಚ್. ಮನೆಯವರು ಮನೆಯವರನ್ನು ನೋಡುವುದು ಸರಿಯಲ್ಲವಂತೆ. ಇಷ್ಟು ವರ್ಷ ಸರಿಯಿತ್ತು.

ಅಕ್ಟೋಬರ್ 27

ಆಪರೇಷನ್ ಹೋದ ವಾರ ಆಗಿದೆ. ಗೊತ್ತಾದದ್ದು ಡಾಕ್ಟರ್ ಬಾಯಲ್ಲಿ, ನನಗೆ ತಿಳಿದಿದೆ ಎಂದುಕೊಂಡೇ ಅವರು ಮಾತು ಶುರು ಮಾಡಿದ್ದರು. ಮೆತ್ತೆ ಉಳಿಯಲಿಲ್ಲ, ಕತ್ತರಿಸಿ ತೆಗೆದರು. ವಾಸಿಯಾದ ಮೇಲೆ ನಡೆಯುತ್ತಾನೆ, ಮೆಟ್ಟಿಲು ಹತ್ತುತ್ತಾನೆ. "ಓಟದ ಬಗ್ಗೆ ಅವನ ಜೊತೆ ನೀವೇ ನಿಧಾನವಾಗಿ ಮಾತಾಡಿ," ಎಂದರು.

ತಲೆಯಾಡಿಸಿದೆ.

ಪ್ರಾಕ್ಟೀಸ್ ಗ್ರೌಂಡಿಗೆ ಹೋಗಿದ್ದೆ, ಮೊದಲ ಬಾರಿ, ವಿಚಾರಣೆ ಆದ ಮೇಲೆ. ಹುಲ್ಲಣ್ಣ ಗೋಲಿನ ಮುಂದೆ ಮಂಡಿಯೂರಿದ್ದ. ಸವೆದ ಜಾಗಕ್ಕೆ ಬೀಜ ಹಾಕಿ ಅಂಗೈಯಿಂದ ಒತ್ತುತ್ತಿದ್ದ. ಹುಡುಗರು ಮತ್ತೆ ಹುಲ್ಲಣ್ಣ ಎನ್ನುತ್ತಿದ್ದಾರೆ.

"ಸುತ್ತಿಕೊಂಡು ಬನ್ನಿ ಮೇಡಂ! ಕಣ್ಣು ಕಾಣಲ್ವಾ, ಹಗ್ಗ ಕಟ್ಟಿದೀನಲ್ಲ!"

ಸುತ್ತಿಕೊಂಡು ಹೋದೆ. ಅವನ ದನಿ ಹಳೆಯ ದನಿ. ಕೋಪ ಬರಬೇಕಿತ್ತು, ಬರಲಿಲ್ಲ.

ನವೆಂಬರ್ 12

ಪ್ರಾಕ್ಟೀಸ್ ಗ್ರೌಂಡಿಗೂ ಟರ್ಫ್. ಪ್ರಕಟಿಸಿದ್ದು ಕಾರ್ಯದರ್ಶಿ, ಸಿಬ್ಬಂದಿ ಸಭೆಯಲ್ಲಿ. ಲೀಗ್ ಒಪ್ಪಿದೆ, ಶಿಫಾರಸೂ ಮಾಡಿದೆ.

"ಇದಕ್ಕೆ ನಮ್ಮ ಫಿಸಿಯೊ ಮೇಡಂಗೆ ಥ್ಯಾಂಕ್ಸ್ ಹೇಳಬೇಕು," ಎಂದರು. ಮೊದಲ ಸಲ ಕ್ಯಾಪ್ಟನ್ ಅಕ್ಕ ಎನ್ನಲಿಲ್ಲ. "ವಿಚಾರಣೇಲಿ ಅವರೇ ಹೇಳಿದ್ರಲ್ಲ, ಅಲ್ಲೊಂದು ನೆಲ ಇಲ್ಲೊಂದು ನೆಲ ಆದ್ರೆ ಕಾಲಿಗೆ ಅಪಾಯ ಅಂತ. ಅಧಿಕಾರಿಗಳು ಅದನ್ನ ತುಂಬಾ ಗಂಭೀರವಾಗಿ ತಗೊಂಡಿದಾರೆ."

ನಾಲ್ಕು ಜನ ಚಪ್ಪಾಳೆ ತಟ್ಟಿದರು.

ನಾನು ಹೇಳಿದ್ದರಲ್ಲಿ ಅವರು ನಂಬಿದ್ದು ಅದೊಂದನ್ನು. ಎರಡೂ ಕಡೆ ಹುಲ್ಲೇ ಇರಲಿ ಎಂದು ಎದ್ದು ನಿಂತು ಹೇಳಿದೆ. "ಅದು ಮುಗಿದ ಕಥೆ ಮೇಡಂ," ಎಂದರು, ನಗುತ್ತಲೇ.

ಹೊರಗೆ ಕೋಚ್ ಸಿಕ್ಕರು.

"ಹುಲ್ಲಣ್ಣನಿಗೆ ಗೊತ್ತಾ?"

"ಇನ್ನೂ ಇಲ್ಲ. ನಾನು ಮಾತು ಕೊಟ್ಟಾಗ ನನಗೂ ಗೊತ್ತಿರಲಿಲ್ಲ, ಆಣೆ. ನೀವೇ ಒಂದು ಮಾತು ಹೇಳಿಬಿಡಿ. ನೀವಂದ್ರೆ ಅವನಿಗೆ ಗೌರವ."

ನವೆಂಬರ್ 15, ಬೆಳಿಗ್ಗೆ

ಹೇಳಲು ಹೋಗಿದ್ದೆ. ಗೋಲಿನ ಮುಂದೆ ಮೊಳಕೆ ಬಂದಿದೆ. ಸೂಜಿಯಷ್ಟು ತೆಳು, ತಿಳಿ ಹಸಿರು. ಹಗ್ಗ ಇನ್ನೂ ಬಿಚ್ಚಿಲ್ಲ.

"ಬೂಟು ಬಿಚ್ಚಿ ಒಂದು ಸಲ ಕಾಲಿಡಿ ಬನ್ನಿ. ನಿಮಗೊಬ್ಬರಿಗೇ ಪರ್ಮಿಷನ್," ಎಂದ.

ಬಿಚ್ಚಿದೆ. ಇಟ್ಟೆ. ತಣ್ಣಗಿತ್ತು.

"ಹೇಗಿದೆ?"

"ಚೆನ್ನಾಗಿದೆ."

ಅಷ್ಟೇ ಹೇಳಿ ಬಂದೆ.

ಹುಲ್ಲು ಕೀಳುವ ಮೆಷಿನ್ ಸೋಮವಾರ ಬೆಳಿಗ್ಗೆ ಏಳಕ್ಕೆ ಬರುತ್ತದೆ. ಗೇಟು ತೆಗೆಯುವುದು ಹುಲ್ಲಣ್ಣ.