ಕಟ್ಟಿಗೆ ಕೊಟ್ಟಿಗೆಯ ಹೊರಗಿನ ಚಪ್ಪಲಿ

ತೋಡೂರು

ಸುಲಭಾ ಮೇಡಂ ಅವರಿಗೆ ವಂದನೆಗಳು.

ನಿಮ್ಮ ಕಡಲತೀರದ ಪತ್ತೇದಾರಿ ಕಾದಂಬರಿಗಳನ್ನೆಲ್ಲ ಓದಿದ್ದೇನೆ. ಪ್ರತಿ ಸಲವೂ ಒಂದು ಮನೆ ಒಡೆಯುತ್ತದೆ, ಏನೋ ಕಳೆಯುತ್ತದೆ. ನಿಮ್ಮ ಪತ್ತೇದಾರಿ ಸೊಸೆ ನಾಗು ಜನರ ಕಾಲು ನೋಡಿಯೇ ಗುಟ್ಟು ಹಿಡಿಯುತ್ತಾಳೆ.

ನೌಕಾನೆಲೆಗೆ ಜಾಗ ಹೋಗಿ ನಾವು ಹಳೆ ಊರು ಬಿಡುವಾಗ ಮನೆದೇವರ ಕಲ್ಲು ಯಾರಿಗೆಂದು ನನ್ನ ಗಂಡ, ಭಾವ ಜಗಳವಾಡಿದ್ದರು. ಮರುದಿನ ಕಲ್ಲೇ ಇರಲಿಲ್ಲ. ನೀನೇ ಕಳ್ಳ ಎಂದು ಇಬ್ಬರೂ ಮಾತು ಬಿಟ್ಟರು.

“ಕಟ್ಗಿ ನಾನೇ ತರ್ತೆ, ನೀ ಬರೂದ್ ಬ್ಯಾಡ” ಎಂದು ಅತ್ತೆ ದಿನಾ ಹೇಳುತ್ತಾರೆ. ಮೊನ್ನೆ ನಾಗುವಿನಂತೆ ಅವರ ಕಾಲು ನೋಡಿದೆ. ಕಟ್ಟಿಗೆ ಕೊಟ್ಟಿಗೆಯ ಹೊರಗೆ ಚಪ್ಪಲಿ ಬಿಟ್ಟರು. ಚೇಳು ಓಡಾಡುವ ಜಾಗಕ್ಕೆ ಬರಿಗಾಲು!

ಮನೆದೇವರ ಕಲ್ಲು ನೆನಪಾಯಿತು. ಒಳಗೆ ಇಣುಕಲಿಲ್ಲ, ಯಾರಿಗೂ ಹೇಳಲಿಲ್ಲ.

ಮುಂದಿನ ಪುಸ್ತಕದಲ್ಲಿ ನಾಗು ಇಂಥ ಒಬ್ಬ ಕಳ್ಳಿಯನ್ನಾದರೂ ಹಿಡಿದುಕೊಡದಿರಲಿ. ಕೊಟ್ಟಿಗೆಯ ಮುಂದೆ ಹಾಯುವಾಗ ಈಗ ನಾನೂ ಚಪ್ಪಲಿ ಬಿಡುತ್ತೇನೆ.

ನಿಮ್ಮ ಓದುಗಿ
ಮಂದಾಕಿನಿ