ಬಾಯಿ ತೆರೆದು ನೋಡದ ದನಗಳು

ಮಾರ್ಚ್ ೧೪, ಗುರುವಾರ

ಪ್ರೀತಿಯ ಪುಟ್ಟಿ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಹದಿನೈದು ದಿನ ಕಳೆದೆ, ಅಪ್ಪನ ಮೇಲೆ ಬೇಸರ ಮಾಡಿಕೊಳ್ಳಬೇಡ. ಅಮ್ಮ ಚೆನ್ನಾಗಿದ್ದಾಳೆ. ಭಾನುವಾರದಿಂದ ನೀನು ಫೋನ್ ಎತ್ತುತ್ತಿಲ್ಲ ಎಂದು ಅವಳಿಗೆ ಹೇಳಿಲ್ಲ.

ನಮ್ಮ ಬೀದಿಗೆ ಕಾಲುಬಾಯಿ ಜ್ವರ ಬಂದಿದೆ. ಹಾಲಿನವನ ಆರು ಹಸುಗಳೂ ಜೊಲ್ಲು ಸುರಿಸುತ್ತ ನಿಂತಿವೆ, ಕಾಲೂರಲಾರವು. ಎರಡು ಕರು ಸತ್ತವು. ಅವನ ಮನೆಯ ಸುತ್ತ ಹಗ್ಗ ಕಟ್ಟಿ ಸುಣ್ಣ ಚೆಲ್ಲಿದ್ದಾರೆ.

ರೋಗ ಗಡಿಯಾಚೆಯಿಂದ ಬಂತು, ಈಗ ಹತೋಟಿಯಲ್ಲಿದೆ ಎಂದು ನಿಮ್ಮ ಪಶುವೈದ್ಯ ಇಲಾಖೆ ಪತ್ರಿಕೆಗೆ ಹೇಳಿದೆ. ಮೂವತ್ತೊಂದು ವರ್ಷದ ಹಿಂದೆ ಇದೇ ಜ್ವರ ಇದೇ ರಸ್ತೆಯಲ್ಲಿ ಬಂದಾಗಲೂ ಇದೇ ಮಾತು ಹೇಳಿದ್ದರು. ಆ ಪತ್ರಿಕೆಗಳಿಗೆ ಗ್ರಂಥಾಲಯದಲ್ಲಿ ರಟ್ಟು ಹಾಕಿಸಿದವನು ನಾನು, ಮರೆಯುವುದುಂಟೇ? ಮರುವಾರದ ಸಂಚಿಕೆಯಲ್ಲಿ ದನಗಳನ್ನು ಹೂಳಿದ ಗುಂಡಿಗಳ ಚಿತ್ರವಿತ್ತು.

ಸಿಟ್ಟು ನೆತ್ತಿಗೇರಿ ಸಂಪಾದಕರಿಗೆ ಬರೆದೆ. ಗಡಿಯ ಚೆಕ್‌ಪೋಸ್ಟಿನಲ್ಲಿ ಲಾರಿಯ ಚಕ್ರ ತೊಳೆಯುವ ತೊಟ್ಟಿ ಒಣಗಿದೆ, ಹೊರಗಿನ ದನಗಳನ್ನು ಮೂರು ವಾರ ಬೇರೆ ಕಟ್ಟಬೇಕಾದ ಕೊಟ್ಟಿಗೆಯಲ್ಲಿ ಮುರಿದ ಕುರ್ಚಿ ತುಂಬಿದ್ದಾರೆ. ಅಲ್ಲಿಯ ದನದ ಡಾಕ್ಟರಾಗಿ ನೀನೇ ಗೋಳಾಡಿದ್ದೆಯಲ್ಲ, ಅದನ್ನೆಲ್ಲ ಬರೆದೆ. ಕೊನೆಗೆ, "ದನಗಳ ಬಾಯಿ ತೆರೆದು ನೋಡದೆ ಆರೋಗ್ಯಪತ್ರ ಕೊಟ್ಟವರು ಯಾರು? ಆ ಸಹಿಯನ್ನು ಜನಕ್ಕೆ ತೋರಿಸಿ" ಎಂದೂ ಕೇಳಿದೆ. ಭಾನುವಾರ ಅಚ್ಚಾಯಿತು. ಕ್ಷೌರದಂಗಡಿಯಲ್ಲಿ ಗಟ್ಟಿಯಾಗಿ ಓದಿದರಂತೆ. ನಾನು ಉಬ್ಬಿಹೋದೆ.

ಸೋಮವಾರ ಹಾಲಿನವನು ಹಗ್ಗದಾಚೆಯಿಂದ ಕೂಗಿದ.

"ಲೈಬ್ರರಿ ಸಾರ್, ಭಾರಿ ಬರೆದ್ರಲ್ಲ! ಇದನ್ನೂ ಸ್ವಲ್ಪ ಓದಿ."

"ಏನಪ್ಪಾ ಅದು?"

"ಹೋದ ತಿಂಗ್ಳು ಗಡಿಯಾಚೆಯಿಂದ ತಂದ ಹೊಸ ಹಸು ಜೊತೆ ಬಂದ ಕಾಗದ. ಜ್ವರ ಇಲ್ಲ ಅಂತ ಡಾಕ್ಟ್ರು ಬರ್ಕೊಟ್ಟಿದ್ದು. ಹತ್ರ ಬರ್ಬೇಡಿ, ಅಲ್ಲಿಂದ್ಲೇ ನೋಡಿ. ಸಹಿ ನನಗಿಂತ ನಿಮಗೇ ಚೆನ್ನಾಗಿ ಗೊತ್ತಾಗುತ್ತೆ."

ಒಂದು ಮಾರು ದೂರದಿಂದಲೇ ಗೊತ್ತಾಯಿತು, ಪುಟ್ಟಿ. ಹಾಳೆಯಲ್ಲಿ ತುಂಬಿದ ಅಕ್ಷರ ಬೇರೆಯವರದು, ಸಹಿ ಮಾತ್ರ ನಿನ್ನದು. ದಿನಾಂಕ ಫೆಬ್ರವರಿ ೨೦. ಅವತ್ತು ನೀನು ಗಡಿಯಲ್ಲಿರಲಿಲ್ಲ, ನಮ್ಮ ಮನೆಯಲ್ಲಿದ್ದೆ.

"ಇಪ್ಪತ್ತು ವರ್ಷ ನಿಮ್ಮನೆಗೆ ನೀರು ಬೆರೆಸದ ಹಾಲು ಕೊಟ್ಟೆ ಸಾರ್" ಎಂದಷ್ಟೇ ಹೇಳಿ ಅವನು ಒಳಗೆ ಹೋದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಶನಿವಾರ ತನಿಖೆಯವರು ನನ್ನ ಹೇಳಿಕೆ ಬರೆದುಕೊಳ್ಳಲು ಬರುತ್ತಾರೆ. ಪತ್ರಿಕೆಯಲ್ಲಿ ದೂರಿದವನು ನಾನೇ ತಾನೆ. ಸಹಿ ಗುರುತಿಸಿ ಎಂದರೆ ಗುರುತಿಸುತ್ತೇನೆ. ನಿನ್ನ ಕೆಲಸ ಹೋಗಬಹುದು, ಅದಕ್ಕಿಂತ ಹೆಚ್ಚೂ ಆಗಬಹುದು. ಊಟ ಬಿಡಬೇಡ. ಏನೇ ಬಂದರೂ ಎದುರಿಸುವ ಗಟ್ಟಿತನ ನಿನಗಿರಲಿ.

ನಿನ್ನ
ಅಪ್ಪ

ತಾ.ಕ.: ಫೆಬ್ರವರಿಯಲ್ಲಿ ನನ್ನ ಕಣ್ಣಿನ ಆಪರೇಷನ್ನಿಗೆ ನೀನು ಬರಲೇಬೇಕೆಂದು ನಾನು ಹಟ ಹಿಡಿದಾಗ, "ಬದಲಿ ಡಾಕ್ಟ್ರಿಲ್ಲಪ್ಪಾ, ಲಾರಿಗಳು ನಿಂತುಬಿಡ್ತವೆ" ಅಂದೆ ನೀನು. "ಹತ್ತು ಖಾಲಿ ಹಾಳೆಗೆ ಸಹಿ ಹಾಕಿಟ್ಟು ಬಾ, ಏನು ಆಕಾಶ ಕಳಚಿ ಬೀಳುತ್ತಾ?" ಅಂದವನು ನಾನು. ಶನಿವಾರ ಇದನ್ನೇ ಮೊದಲು ಹೇಳುತ್ತೇನೆ. ಒಂದು ಹಾಳೆ ನಮ್ಮ ಬೀದಿಯಲ್ಲಿ ಸಿಕ್ಕಿತು. ಉಳಿದ ಒಂಬತ್ತು ಯಾವ ಲಾರಿಗಳ ಜೊತೆ ಯಾವ ಊರುಗಳಿಗೆ ಹೋದವು? ನನ್ನ ಜೊತೆ ಮಾತಾಡದಿದ್ದರೂ ಚಿಂತೆಯಿಲ್ಲ, ಆ ಊರುಗಳಿಗೆ ಇವತ್ತೇ ಫೋನ್ ಮಾಡು.